ಬೆನ್ನು ತೋರಿಸಿ ಕೂರುವ ಕಾಕರಣೆ ಹಕ್ಕಿ

ಪ್ರಶ್ನೆ: ಹೆಬ್ರಿಯಿಂದ ಸೋಮೇಶ್ವರಕ್ಕೆ ಹೋಗುವ ದಾರಿಯ ಕಾಡಿನಲ್ಲಿ ಕಂದು ಬೆನ್ನಿನ, ಉದ್ದ ಬಾಲದ ಹಕ್ಕಿಯೊಂದು ಬಹಳ ಹೊತ್ತು ಅಲುಗಾಡದೆ ಕುಳಿತಿತ್ತು. ಹಾರಿದಾಗ ಅದರ ಹೊಟ್ಟೆ ಕೆಂಪಾಗಿ ಕಂಡಿತು. ಜೊತೆಯಲ್ಲಿದ್ದ ಇನ್ನೊಂದರಲ್ಲಿ ಕೆಂಪು ಬಣ್ಣವೇ ಇರಲಿಲ್ಲ. ಇವು ಯಾವ ಹಕ್ಕಿಗಳು?
– ಓದುಗರೊಬ್ಬರು, ಉಡುಪಿ

ಉತ್ತರ: ನಿಮ್ಮ ವಿವರಣೆ ಕಾಕರಣೆ ಹಕ್ಕಿಗೆ, ಅಂದರೆ ಮಲಬಾರ್ ಟ್ರೋಗನ್‌ಗೆ, ಸರಿಯಾಗಿ ಹೊಂದುತ್ತದೆ. ನೀವು ಕಂಡದ್ದು ಅದರ ಗಂಡು ಮತ್ತು ಹೆಣ್ಣನ್ನು. ಗಂಡಿನ ತಲೆ ಮತ್ತು ಎದೆ ಮಸಿಗಪ್ಪು, ಹೊಟ್ಟೆ ಕೆಂಪು. ಇವೆರಡರ ನಡುವೆ ಸ್ಪಷ್ಟವಾದ ಬಿಳಿ ಪಟ್ಟಿಯೊಂದಿದ್ದು, ಕೊಕ್ಕು ಹಾಗೂ ಕಣ್ಣಿನ ಸುತ್ತಲಿನ ಚರ್ಮ ನೀಲಿಯಾಗಿರುತ್ತದೆ. ಹೆಣ್ಣಿನ ತಲೆ ಕಂದು, ಹೊಟ್ಟೆ ಹಳದಿ ಮಿಶ್ರಿತ ಕಂದು. ಬಿಳಿ ಪಟ್ಟಿ ಇಲ್ಲ.

ಆದರೆ ಈ ಬಣ್ಣಗಳನ್ನೇ ನಂಬಿ ಕಾಡಿಗೆ ಹೋದವರಿಗೆ ಇದು ಸುಲಭವಾಗಿ ಸಿಗುವುದಿಲ್ಲ. ಮನುಷ್ಯರ ಸುಳಿವು ಸಿಕ್ಕಿದೊಡನೆ ಅದು ಕೆಂಪು ಹೊಟ್ಟೆಯನ್ನು ಮರೆಮಾಡಿ, ಬೆನ್ನನ್ನು ನಮ್ಮತ್ತ ತಿರುಗಿಸಿ, ನೆಟ್ಟಗೆ ಕುಳಿತುಬಿಡುತ್ತದೆ. ಆ ಕಂದು ಬೆನ್ನು ನೆರಳಿನ ಕೊಂಬೆಗಳ ನಡುವೆ ಕಣ್ಣಿಗೆ ಬೀಳುವುದೇ ಕಷ್ಟ. ಆದ್ದರಿಂದ ಹಿಂಬದಿಯಿಂದ ಗುರುತಿಸಲು ಕಲಿಯುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಕತ್ತರಿಯಿಂದ ನೇರವಾಗಿ ಕತ್ತರಿಸಿದಂತೆ ತುದಿ ಚೌಕಾಗಿರುವ ಉದ್ದ ಬಾಲವನ್ನೂ, ಗಂಡಿನ ರೆಕ್ಕೆಯ ಮೇಲಿನ ಕಪ್ಪು–ಬಿಳುಪಿನ ಅತಿ ಸಣ್ಣ ಗೆರೆಗಳನ್ನೂ ನೋಡಿ. ಕಪ್ಪು–ಕೆಂಪು ಬಣ್ಣದ ಮಿನಿವೆಟ್ ಹಕ್ಕಿಗಳೊಂದಿಗೆ ಕೆಲವರು ಇದನ್ನು ಗೊಂದಲ ಮಾಡಿಕೊಳ್ಳುತ್ತಾರೆ. ಅವು ಚಿಕ್ಕವು, ಚುರುಕಾದವು, ಮರದ ನೆತ್ತಿಯಲ್ಲಿ ಗುಂಪಾಗಿ ಓಡಾಡುವಂಥವು. ಕಾಕರಣೆಯಾದರೋ ಬಾಲವೂ ಸೇರಿ ಸುಮಾರು 30 ಸೆಂಟಿಮೀಟರ್ ಉದ್ದದ ಹಕ್ಕಿ. ದಟ್ಟ ಕಾಡಿನ ನೆರಳಿನಲ್ಲಿ ಒಂದೇ ಕಡೆ ಕುಳಿತಿರುತ್ತದೆ.

ಹಾಗೆ ಕುಳಿತಿರುವುದು ಬೇಟೆಯ ಕ್ರಮವೂ ಹೌದು. ಹುಳ ಕಂಡೊಡನೆ ಚಿಮ್ಮಿ, ಗಾಳಿಯಲ್ಲಿಯೋ ಎಲೆಯ ಮೇಲಿನಿಂದಲೋ ಹಿಡಿದು ಮರಳುತ್ತದೆ. ಭೀಮರಾಜ ಮೊದಲಾದ ಹಕ್ಕಿಗಳು ಕಲೆತು ಸಾಗುವ ಮಿಶ್ರ ಗುಂಪಿನಲ್ಲೂ ಇದು ಸೇರಿಕೊಳ್ಳುವುದರಿಂದ, ಅಂಥ ಗದ್ದಲ ಕೇಳಿದಾಗ ಕೆಳಗಿನ ಕೊಂಬೆಗಳನ್ನೂ ತಪ್ಪದೆ ಗಮನಿಸಿ.

ಮುಖ್ಯವಾಗಿ ಫೆಬ್ರವರಿಯಿಂದ ಮೇ ತಿಂಗಳವರೆಗೆ ಇವು ಗೂಡು ಮಾಡುತ್ತವೆ. ಜೀವಂತ ಮರವನ್ನು ಕೊರೆಯುವ ಮರಕುಟಿಗದ ಬಲ ಇವುಗಳ ಕೊಕ್ಕಿಗಿಲ್ಲ. ಕುಂಬಾಗಿ ಮೆತ್ತಗಾದ ಮರದ ಮೋಟೇ ಬೇಕು. ಅದರಲ್ಲಿ ಗಂಡು–ಹೆಣ್ಣು ಎರಡೂ ಸೇರಿ ಪೊಟರೆ ತೋಡಿ, ಸಾಮಾನ್ಯವಾಗಿ ಎರಡು ಮೊಟ್ಟೆಗಳನ್ನಿಟ್ಟು ಸರದಿಯಂತೆ ಕಾವು ಕೊಡುತ್ತವೆ. ನಿಮ್ಮ ತೋಟವೂ ಕಾಡಿಗೆ ತಾಗಿಕೊಂಡಿದ್ದರೆ, ಅಂಚಿನಲ್ಲಿ ಒಣಗಿ ನಿಂತ ಮೋಟುಗಳನ್ನು ಸೌದೆಗೆಂದು ಬೇಸಿಗೆಯಲ್ಲಿ ಉರುಳಿಸಬೇಡಿರೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.