ಕ್ರೀಪಿಂಗ್ ಥೈಮ್ ಒಣಗಿದ್ದು ಚಳಿಯಿಂದಲೇ?

ಪ್ರಶ್ನೆ: ನಾವು ಅಮೆರಿಕದ ಡೆನ್ವರ್‌ನಲ್ಲಿದ್ದೇವೆ. ಮನೆಯ ಮುಂದೆ ದಿನವಿಡೀ ಬಿಸಿಲು ಬೀಳುವ ಜಾಗದಲ್ಲಿ ಹುಲ್ಲು ತೆಗೆದು, ಕಳೆದ ವರ್ಷ ಕ್ರೀಪಿಂಗ್ ಥೈಮ್ ಎಂಬ, ನೆಲದ ಮೇಲೆ ಹಬ್ಬುವ ಪರಿಮಳದ ಗಿಡ ನೆಟ್ಟೆವು. ಮಣ್ಣು ಜೇಡಿ, ಹುಲ್ಲುಹಾಸಿನ ಸ್ಪ್ರಿಂಕ್ಲರ್ ನೀರೇ ಇದಕ್ಕೂ ಬೀಳುತ್ತದೆ. ಚಳಿಗಾಲ ಮುಗಿಯುವ ಹೊತ್ತಿಗೆ ಅರ್ಧದಷ್ಟು ಗಿಡಗಳು ಕಂದು ಬಣ್ಣಕ್ಕೆ ತಿರುಗಿವೆ. ಗೊಬ್ಬರ ಕೊಟ್ಟು, ಮರದ ಚಕ್ಕೆ ಹೊದಿಸಿದರೆ ಉಳಿಯುತ್ತವೆಯೇ? ಮಕ್ಕಳು ಅಲ್ಲಿ ಬರಿಗಾಲಲ್ಲಿ ಓಡಾಡಬಹುದೇ?

ಉತ್ತರ: ದಯವಿಟ್ಟು ಗಿಡಗಳನ್ನು ಈಗಲೇ ಕಿತ್ತೆಸೆಯಬೇಡಿ. ಕಾಂಡದ ಸಿಪ್ಪೆಯನ್ನು ಉಗುರಿನಿಂದ ತುಸು ಕೆರೆದು ನೋಡಿ. ಒಳಗೆ ಹಸಿರು ಕಂಡರೆ ಅದು ಮತ್ತೆ ಚಿಗುರುತ್ತದೆ. ಕಾಂಡ ಕಪ್ಪಾಗಿ, ಬುಡ ಮೆತ್ತಗಾಗಿದ್ದರೆ ಬೇರು ಕೊಳೆತಿದೆ ಎಂದರ್ಥ.

ನಿಮ್ಮ ವಿವರಣೆ ಓದಿದರೆ ಕಾರಣ ಚಳಿಯಲ್ಲ, ನೀರು ಎಂದೇ ನನಗೆ ತೋರುತ್ತದೆ. ಯುರೋಪಿನ ಮರಳುನೆಲ, ಕಲ್ಲುಗುಡ್ಡಗಳ ಈ ಸಸ್ಯ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯನ್ನೂ ತಾಳಿಕೊಳ್ಳುತ್ತದೆ. ಆದರೆ ಜೇಡಿಮಣ್ಣಿನಲ್ಲಿ ನೀರು ಇಂಗದೆ ಬೇರಿನ ಸುತ್ತ ನಿಂತರೆ ಒಂದೇ ಚಳಿಗಾಲದಲ್ಲಿ ಸಾಯುತ್ತದೆ. ಜೇಡಿಗೆ ಒಂದಿಷ್ಟು ಮರಳು ಬೆರೆಸಿ ಸರಿಪಡಿಸಲು ಹೋಗಬೇಡಿ, ಒಣಗಿದಾಗ ಅದು ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಬದಲಿಗೆ ಸಣ್ಣ ಜಲ್ಲಿ ಬೆರೆತ ಹಗುರ ಮಣ್ಣನ್ನು ಒಂದು ಗೇಣಿನಷ್ಟು ಏರಿಸಿ ದಿಬ್ಬ ಮಾಡಿ, ಕಳೆಯನ್ನು ಬೇರುಸಹಿತ ತೆಗೆದು, ಗಿಡದಿಂದ ಗಿಡಕ್ಕೆ 20ರಿಂದ 30 ಸೆಂಟಿಮೀಟರ್ ಬಿಟ್ಟು ನೆಡಿ. ಕಳೆ ತೆಗೆಯುವ ಕೆಲಸದಲ್ಲಿ ಅವಸರ ಬೇಡ. ಥೈಮ್ ಹಬ್ಬಿದ ಮೇಲೆ ಅದರ ನಡುವಿನಿಂದ ಹುಲ್ಲಿನ ಬೇರು ಬಿಡಿಸುವುದು ಬಹಳ ಕಷ್ಟ.

ಸ್ಪ್ರಿಂಕ್ಲರ್ ನೀರು ಆ ಕಡೆ ಬೀಳದಂತೆ ತಿರುಗಿಸಿ. ನೆಟ್ಟ ಮೊದಲ ಬೇಸಿಗೆಯಲ್ಲಿ ಮೇಲ್ಮಣ್ಣು ಒಣಗಿದಾಗೆಲ್ಲ ನೀರು ಕೊಡಿ, ಆಮೇಲೆ ಅಪರೂಪಕ್ಕೆ ಸಾಕು. ಆದರೆ ನಿಮ್ಮ ಊರಿನ ಚಳಿಗಾಲ ಒಣ ಹವೆಯದ್ದಾದ್ದರಿಂದ, ವಾರಗಟ್ಟಲೆ ಹಿಮ ಬೀಳದಿದ್ದರೆ, ನೆಲ ಹೆಪ್ಪುಗಟ್ಟಿರದ ದಿನ ನೋಡಿ ಹೊಸ ಗಿಡಗಳಿಗೆ ಒಮ್ಮೆ ನೀರುಣಿಸಿ. ಗೊಬ್ಬರ ಬೇಡವೇ ಬೇಡ. ಕೊಬ್ಬಿದ ಗಿಡ ನೆಲಕ್ಕೆ ಅಂಟಿಕೊಳ್ಳದೆ ಉದ್ದುದ್ದಕ್ಕೆ ಬೆಳೆದು ನಡುವೆ ಬೋಳಾಗುತ್ತದೆ. ಮರದ ಚಕ್ಕೆ ತೇವ ಹಿಡಿದಿಡುವುದರಿಂದ ಅದರ ಬದಲು ಸಣ್ಣ ಜಲ್ಲಿಯನ್ನೇ ಹರಡಿ.

ಹರಿದಾಡುವ ಒಂದು ಕಾಂಡವನ್ನು ಮೆಲ್ಲಗೆ ಎತ್ತಿದರೆ, ಗೆಣ್ಣುಗಳಲ್ಲಿ ಬಿಳಿ ದಾರದಂಥ ಬೇರುಗಳು ಕಾಣುತ್ತವೆ. ಅಂಥ ತುಂಡುಗಳನ್ನು ವಸಂತದಲ್ಲಿ ಕತ್ತರಿಸಿ ಖಾಲಿ ಜಾಗಕ್ಕೆ ನೆಟ್ಟರೆ ಹೊಸ ಗಿಡ ಕೊಳ್ಳುವ ಅಗತ್ಯವೇ ಇಲ್ಲ. ಆಗ ಕೈಗೆ ಹತ್ತುವ ಪರಿಮಳ ನಿಮಗೆ ಓಮಕಾಳನ್ನು ನೆನಪಿಸಬಹುದು, ಎರಡರಲ್ಲೂ ಇರುವುದು ಥೈಮಾಲ್ ಎಂಬ ಅದೇ ಸತ್ವ.

ಮಕ್ಕಳು ಆಗಾಗ ದಾಟಿ ಹೋದರೆ ತೊಂದರೆಯಿಲ್ಲ, ಆಟದ ತುಳಿತವನ್ನು ಮಾತ್ರ ಇದು ತಾಳದು. ಅವರು ಓಡಾಡುವ ಸಾಲಿನಲ್ಲಿ ಚಪ್ಪಡಿ ಕಲ್ಲು ಹಾಸಿ, ಸಂದುಗಳಲ್ಲಿ ಥೈಮ್ ಬೆಳೆಸಿ. ಬೇಸಿಗೆಯಲ್ಲಿ ಹೂ ಬಿಟ್ಟಾಗ ಜೇನುನೊಣಗಳು ಮುತ್ತುವುದರಿಂದ ಆಗ ಬರಿಗಾಲು ಬೇಡ. ಅದು ಕಷ್ಟವೆನಿಸಿದರೆ ಕಲ್ಲಿನ ಸಂದುಗಳಿಗೆ ಮಾತ್ರ, ಹೂವು ತೀರ ಕಡಿಮೆ ಬಿಡುವ ವುಲ್ಲಿ ಥೈಮ್ ತಳಿಯನ್ನು ಹಾಕಿ.