ಭಂಡಾರದ ಡಬ್ಬಿ ಖಾಲಿಯಾಗಿದೆ

ತಮ್ಮಾ, ನಿನ್ನ ಕಾಗದ ಎರಡು ಸಲ ಓದಿದೆ. ಪುಣೆಯಲ್ಲಿ ಎಂ.ಎ. ಸೀಟು ಸಿಕ್ಕಿದೆ, ಊರೂರಿನ ದೇವರ ಕಥೆಗಳನ್ನು ಹೋಲಿಸಿ ಓದುವ ಆಸೆ ಇದೆ, ಆದರೆ ಮರಾಠಿ ಒಂದಕ್ಷರ ಬರಲ್ಲ ಅಂತ ಬರೆದಿದ್ದೀಯ. ರಾಣೆಬೆನ್ನೂರು ಬಿಟ್ಟು ಹೊರಗೆ ಇದ್ದವನಲ್ಲ, ಅಲ್ಲಿ ಪರಕೀಯ ಅನ್ನಿಸುತ್ತಾ ಕಾಕಾ ಅಂತಲೂ ಕೇಳಿದ್ದೀಯ. ನಿಮ್ಮ ಅಪ್ಪನ ಪ್ರಶ್ನೆ ಬೇರೆ: ಇದನ್ನೆಲ್ಲ ಓದಿದರೆ ಹೊಟ್ಟೆ ತುಂಬುತ್ತಾ?

ನಾನು ಪ್ರೊಫೆಸರ್ ಅಲ್ಲ. 1995ರಲ್ಲಿ ಪಿಂಪ್ರಿಯ ಒಂದು ಕಾರ್ಖಾನೆಗೆ ಫಿಟ್ಟರ್ ಆಗಿ ಬಂದವನು. ಗೊತ್ತಿರುವಷ್ಟು ಹೇಳುತ್ತೇನೆ.

ರೂಮಿನ ಮಾತು ಮೊದಲು ಮುಗಿಸಿಬಿಡೋಣ. ಇಲ್ಲಿ 'ಕಾಟ್ ಬೇಸಿಸ್' ಅಂತ ಬೋರ್ಡ್ ಹಾಕಿರುತ್ತಾರೆ. ಹಾಗಂದರೆ ರೂಮು ನಿನ್ನದಲ್ಲ, ಒಂದು ಮಂಚ ಮಾತ್ರ ನಿನ್ನದು. ಡಿಪಾಸಿಟ್ ಕೊಟ್ಟರೆ ರಸೀದಿ ತಗೋ. ನನ್ನ ಮೊದಲ ಮನೆ ಮಾಲೀಕ, ಗೋಡೆಗೆ ಮೊಳೆ ಹೊಡೆದಿದ್ದೀಯ ಅಂತ ಪೂರ್ತಿ ಡಿಪಾಸಿಟ್ ಹಿಡಿದುಕೊಂಡ. ಆ ಮೊಳೆ ನಾನು ಬರುವ ಮೊದಲೇ ಅಲ್ಲಿತ್ತು. ಊಟಕ್ಕೆ ಡಬ್ಬಾ ಹಚ್ಚಿಕೋ. ಭಾಕ್ರಿ ಕೊಡುವವರನ್ನೇ ಹುಡುಕು, ನಮ್ಮ ರೊಟ್ಟಿಯ ತಮ್ಮ ಅದು, ಸ್ವಲ್ಪ ದಪ್ಪ. ದೋಸೆ ನೆನಪಾದರೆ ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ವೈಶಾಲಿ, ರೂಪಾಲಿ ಇವೆ. ಎರಡನ್ನೂ ಬೆಳೆಸಿದವರು ಜಗನ್ನಾಥ ಶೆಟ್ಟರು, ನಮ್ಮ ಕರಾವಳಿಯವರು. ಭಾನುವಾರ ಮಾತ್ರ ಹೋಗಬೇಡ, ಜಾಗ ಸಿಗೋಷ್ಟರಲ್ಲಿ ಹಸಿವೇ ಹೋಗಿರುತ್ತೆ. ಗಣೇಶನಗರದಲ್ಲಿ ಕನ್ನಡ ಸಂಘ ಇದೆ, ಒಂದು ಸಲ ಮುಖ ತೋರಿಸಿ ಬಾ.

ಈಗ ನಿಮ್ಮ ಅಪ್ಪನ ಪ್ರಶ್ನೆ. ಅದಕ್ಕೆ ಒಬ್ಬರ ಕಥೆ ಹೇಳುತ್ತೇನೆ. ಅಪ್ಪನಿಗೂ ಓದಿ ಹೇಳು.

ರಾ. ಚಿಂ. ಢೇರೆ ಅಂತ, ದೇವರ ಕಥೆಗಳ ಬೇರು ಹುಡುಕಿದ ಮರಾಠಿ ವಿದ್ವಾಂಸರು. ಪೂರ್ತಿ ಹೆಸರು ರಾಮಚಂದ್ರ ಚಿಂತಾಮಣ ಢೇರೆ. ಅವರೂ ಪುಣೆಗೆ ಹೊರಗಿನಿಂದ ಬಂದವರೇ. 1930ರಲ್ಲಿ ಮಾವಳದ ನಿಗಡೆ ಅನ್ನುವ ಹಳ್ಳಿಯಲ್ಲಿ ಹುಟ್ಟಿದ್ದು. ದೂರವೇನಲ್ಲ, ಇದೇ ಪುಣೆ ಜಿಲ್ಲೆ. ಆದರೆ ಮಳೆ, ಗುಡ್ಡ, ಬಡತನದ ಸೀಮೆ ಅದು. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು. 1944ರಲ್ಲಿ, ಹದಿನಾಲ್ಕು ವರ್ಷದ ಹುಡುಗ, ಅಜ್ಜಿ ಮತ್ತು ತಂಗಿಯ ಜೊತೆ ಪುಣೆಗೆ ಬಂದ. ಸಣ್ಣಪುಟ್ಟ ಕೆಲಸ ಮಾಡುತ್ತಾ ಓದಿದ. ಡಿಪಾಸಿಟ್ ಇರಲಿ, ಆ ಮನೆಯಲ್ಲಿ ಮೂರು ಹೊತ್ತಿನ ಊಟಕ್ಕೂ ಲೆಕ್ಕ ಹಾಕಿರಬೇಕು ಅಂತ ನನಗೆ ಅನ್ನಿಸುತ್ತೆ. ಅಂಥ ಹುಡುಗ ನೂರಕ್ಕೂ ಜಾಸ್ತಿ ಪುಸ್ತಕ ಬರೆದ. 1961ರಲ್ಲಿ ಖಂಡೋಬಾ ಮೇಲೆ; ಜೇಜುರಿ ಗುಡ್ಡದ ದೇವರು ಅವನು, ಮಲ್ಹಾರಿ ಅಂತಲೂ ಹೆಸರು. 1978ರಲ್ಲಿ ಲಜ್ಜಾಗೌರಿ ಎಂಬ ತಾಯಿ ದೇವತೆಯ ಮೇಲೆ; ಹುತ್ತವನ್ನೇ ತಾಯಿ ಅಂತ ಪೂಜಿಸುವ ಗೋವಾದ ಸಾತೇರಿ, ನಮ್ಮ ಎಲ್ಲಮ್ಮ, ಎಲ್ಲರೂ ಆ ಪುಸ್ತಕದೊಳಗೆ ಬರುತ್ತಾರೆ. 1984ರಲ್ಲಿ ವಿಠ್ಠಲನ ಮೇಲೆ. ಅದಕ್ಕೇ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ನನಗೆ ಈ ಹೆಸರು ಗೊತ್ತಾದದ್ದು ನಮ್ಮ ಅವ್ವನಿಂದ. ಅವ್ವನಿಗೆ ಓದು ಬರಹ ಇರಲಿಲ್ಲ.

1998ರಲ್ಲಿ ಅವ್ವ ಪುಣೆಗೆ ಬಂದಾಗ ಜೇಜುರಿಗೆ ಕರೆದುಕೊಂಡು ಹೋದೆ. ಇಲ್ಲಿಂದ ಐವತ್ತು ಕಿಲೋಮೀಟರಿನ ಆಸುಪಾಸು. ಕಾರ್ಖಾನೆ ಗೆಳೆಯರ ಜೊತೆ ಅದಕ್ಕೆ ಮೊದಲೇ ಎರಡು ಸಲ ಹೋಗಿದ್ದೆ. ಮೆಟ್ಟಿಲು ಹತ್ತಿದ್ದೆ, ಅರಿಸಿನ ಬಳಿದುಕೊಂಡಿದ್ದೆ, ಫೋಟೋ ತೆಗೆಸಿಕೊಂಡಿದ್ದೆ. ಒಂದೂ ತಲೆಗೆ ಹೋಗಿರಲಿಲ್ಲ. ಅವ್ವ ಮಾತ್ರ ಅರ್ಧ ಮೆಟ್ಟಿಲಲ್ಲಿ ನಿಂತುಬಿಟ್ಟಳು. ಮೇಲಿನಿಂದ "ಯಳಕೋಟ ಯಳಕೋಟ ಜಯ ಮಲ್ಹಾರ" ಅಂತ ಕೂಗು ಬರುತ್ತಿತ್ತು. "ಲೇ, ಇದು ನಮ್ಮ ದೇವರಗುಡ್ಡದ ಮೈಲಾರನ ಕೂಗಲ್ಲೋ" ಅಂದಳು. ಅಂದವಳೇ ಎರಡೂ ಕೈ ಎತ್ತಿ "ಏಳು ಕೋಟಿ ಏಳು ಕೋಟಿ" ಅಂತ ಶುರುಮಾಡಿದಳು. ನನಗೆ ನಾಚಿಕೆ. ಪಕ್ಕದಲ್ಲಿದ್ದ ಮರಾಠಿ ಅಜ್ಜಿಗೆ ನಾಚಿಕೆಯೇನೂ ಆಗಲಿಲ್ಲ. ಅವಳು ತನ್ನ ಕೈಯ ಭಂಡಾರ, ಅಂದರೆ ದೇವರ ಅರಿಸಿನ ಪುಡಿ, ಅವ್ವನ ಹಣೆಗೆ ಹಚ್ಚಿದಳು, ಅವ್ವ ಅವಳಿಗೆ ಹಚ್ಚಿದಳು. "ನಮ್ಮ ಮಾಳವ್ವ ಎಲ್ಲಿ?" ಅಂತ ಅವ್ವ ಕನ್ನಡದಲ್ಲೇ ಕೇಳಿದರೆ, ಆಕೆ ಖಂಡೋಬಾನ ಹೆಂಡತಿ ಮ್ಹಾಳಸಾಳನ್ನು ತೋರಿಸಿದಳು.

ಆಮೇಲೆ ನಾನು ಹುಡುಕಿಕೊಂಡು ಹೋಗಿ ಅಪ್ಪಾ ಬಳವಂತ ಚೌಕದ ಹಳೆ ಪುಸ್ತಕದವರ ಹತ್ತಿರ ಕೇಳಿದೆ. ಕೈಗೆ ಬಂದದ್ದು ಢೇರೆಯವರ ಖಂಡೋಬಾ. ಒಂದು ಪುಟಕ್ಕೆ ಒಂದು ಸಂಜೆ ಹಿಡಿಯಿತು, ಅಷ್ಟು ಮರಾಠಿ ನನ್ನದು. ಆದರೆ ಕಥೆ ಗುರುತು ಸಿಕ್ಕಿತು: ನಮ್ಮ ಮೈಲಾರ, ಅವರ ಮಲ್ಹಾರಿ, ಇಬ್ಬರೂ ಮಣಿ-ಮಲ್ಲ ಎಂಬ ರಾಕ್ಷಸರನ್ನು ಕೊಂದವರು. ನಮ್ಮಲ್ಲಿ ಗೊರವರು, ಅವರಲ್ಲಿ ದೇವರ ಸೇವೆಗೆ ನಿಂತ ವಾಘ್ಯಾ-ಮುರಳಿ. ಅಲ್ಲಿ ದೇವರ ಎರಡನೇ ಹೆಂಡತಿ ಬಾಣಾಈ ಕುರಿ ಕಾಯುವ ಧನಗರರ ಮಗಳು, ಇಲ್ಲಿ ಕುರುಬತ್ತೆವ್ವ ಕುರುಬರ ಮಗಳು. ಅವ್ವ ಮೆಟ್ಟಿಲಲ್ಲೇ ಹೇಳಿದ್ದನ್ನು ಪುಸ್ತಕ ಸಾವಕಾಶ ಬಿಡಿಸಿ ಹೇಳುತ್ತಿತ್ತು.

ವಿಠ್ಠಲನ ಪುಸ್ತಕ ಇನ್ನೂ ದೊಡ್ಡ ಸಾಹಸ. ಪಂಢರಪುರದ ವಿಠ್ಠಲ ಮೊದಲು ದನ-ಕುರಿ ಕಾಯುವವರ ದೇವರು, ಆಮೇಲೆ ವಿಷ್ಣುವಾದ ಅನ್ನುವುದು ಢೇರೆಯವರ ವಾದ. ಅದಕ್ಕೆ ಅವರು ಕೂಡಿಸುವ ಸಾಕ್ಷಿ ನೋಡು: ಧನಗರರು ಇವತ್ತಿಗೂ ವಿಠ್ಠಲ-ಬಿರೋಬಾ ಅಂತ ಇಬ್ಬರನ್ನು ಜೋಡಿಯಾಗಿ ಪೂಜಿಸುತ್ತಾರೆ, ಆ ಬಿರೋಬಾ ನಮ್ಮ ಬೀರಪ್ಪನೇ. ತಿರುಪತಿಯ ವೆಂಕಟೇಶನನ್ನು ಪಕ್ಕದಲ್ಲಿ ನಿಲ್ಲಿಸಿ ಹೋಲಿಸುತ್ತಾರೆ. ಅಲ್ಲಿಯೂ ಇಲ್ಲಿಯೂ ಹೆಂಡತಿ ಗಂಡನ ಗುಡಿಯಲ್ಲಿಲ್ಲ, ಬೇರೆ ಗುಡಿಯಲ್ಲಿದ್ದಾಳೆ. ಪಂಢರಪುರದ ಹಳೆಯ ಕನ್ನಡ ಹೆಸರು ಪಂಡರಗೆ. 1237ರ ಹೊಯ್ಸಳ ಸೋಮೇಶ್ವರನ ಕಾಲದ ಶಾಸನದಲ್ಲಿ ವಿಠ್ಠಲನ ಹೆಸರಿದೆ. ಜ್ಞಾನೇಶ್ವರರೇ ಒಂದು ಅಭಂಗದಲ್ಲಿ ಅವನನ್ನು 'ಕಾನಡಾ', 'ಕರ್ನಾಟಕು' ಅಂದಿದ್ದಾರೆ.

ಇಷ್ಟು ಓದಿದ ಹುರುಪಿನಲ್ಲಿ ನಾನೊಂದು ದಡ್ಡ ಕೆಲಸ ಮಾಡಿದೆ. ಕ್ಯಾಂಟೀನಿನಲ್ಲಿ ಎದ್ದು ನಿಂತು "ನಿಮ್ಮ ವಿಠೋಬಾ ನಮ್ಮವನು, ನಿಮ್ಮವರೇ ಬರೆದಿದ್ದಾರೆ" ಅಂದೆ. ಪ್ರತಿವರ್ಷ ವಾರಿಗೆ, ಅಂದರೆ ಪಂಢರಪುರದ ಪಾದಯಾತ್ರೆಗೆ, ನಡೆಯುವ ಒಬ್ಬ ಗೆಳೆಯ ನನ್ನ ಜೊತೆ ಆರು ತಿಂಗಳು ಮಾತು ಬಿಟ್ಟ. ತಪ್ಪು ನನ್ನದೇ. ಢೇರೆ ಆ ಪುಸ್ತಕದ ಹೆಸರಿನಲ್ಲೇ 'ಮಹಾಸಮನ್ವಯ' ಅಂತ ಇಟ್ಟಿದ್ದಾರೆ. ಕುರಿ ಕಾಯುವವರು, ವೈಷ್ಣವರು, ಮರಾಠಿ ಸಂತರು, ನಮ್ಮ ಹರಿದಾಸರು, ಎಲ್ಲ ಸೇರಿ ಒಬ್ಬ ದೇವರಾದ ಬಗೆ ಅದು. ನಾನು ಅದನ್ನು ಜಮೀನಿನ ಉತಾರ ಓದಿದ ಹಾಗೆ ಓದಿದ್ದೆ. ನೀನು ಹಾಗೆ ಓದಬೇಡ.

ಈ ಹಾದಿ ಹಿಡಿದವರು ಅವರೊಬ್ಬರೇ ಅಲ್ಲ. ಗೋವಾದಲ್ಲಿ 1907ರಲ್ಲಿ ಹುಟ್ಟಿದ ಡಿ. ಡಿ. ಕೋಸಂಬಿ ಕೆಲಸದಲ್ಲಿ ಗಣಿತಜ್ಞರು, ಮುಂಬೈಯ ಟಾಟಾ ಸಂಸ್ಥೆಯಲ್ಲಿ. ಮನೆ ಮಾತ್ರ ಪುಣೆಯಲ್ಲಿ, ಡೆಕ್ಕನ್ ಕ್ವೀನ್ ರೈಲಿನಲ್ಲಿ ಓಡಾಟ. ಉಳಿದ ಹೊತ್ತಿನಲ್ಲಿ ಪುಣೆ ಸುತ್ತಲಿನ ಗುಡ್ಡ ಹತ್ತಿ, ಗ್ರಾಮದೇವತೆಗಳ ಜಾಗದಲ್ಲಿ ಶಿಲಾಯುಗದ ಸಣ್ಣ ಕಲ್ಲಿನ ಹತಾರ ಹುಡುಕುತ್ತಿದ್ದರು. ಗ್ಯುಂಥರ್ ಸೊಂಥೈಮರ್ ಅಂತ ಜರ್ಮನಿಯವರು ಧನಗರರ ಜೊತೆ ಅಲೆದು ಅವರ ಹಾಡು, ಕಥೆ ಕೂಡಿಸಿದರು. ಧಾರವಾಡದಲ್ಲಿ ನಮ್ಮ ಶಂಬಾ ಜೋಶಿಯವರು ಶಾಲೆ ಮೇಷ್ಟ್ರಾಗಿದ್ದುಕೊಂಡೇ ಕನ್ನಡ-ಮರಾಠಿ ಬೇರುಗಳನ್ನು ಅಗೆದರು. ಅಪ್ಪನಿಗೆ ಇದನ್ನೇ ತೋರಿಸು: ಒಬ್ಬರಿಗೆ ಗಣಿತ ಅನ್ನ ಕೊಟ್ಟಿತು, ಒಬ್ಬರಿಗೆ ಶಾಲೆ. ನೀನೂ ಬಿ.ಎಡ್. ಮಾಡಿಟ್ಟುಕೋ. ದೇವರ ಕಥೆಯಿಂದಲೇ ಸಂಬಳ ಬರುತ್ತೆ ಅಂತ ನಾನು ಸುಳ್ಳು ಹೇಳಲಾರೆ.

ಮರಾಠಿಗೆ ಹೆದರಬೇಡ. ಲಿಪಿ ಹಿಂದಿಯದೇ, ಶಾಲೆಯಲ್ಲಿ ಕಲಿತಿದ್ದೀಯ. ಅಕ್ಕಾ, ಅಣ್ಣಾ ಅವರಲ್ಲೂ ಇದೆ. ನಮ್ಮ ಅಡಕತ್ತರಿ ಅವರಿಗೆ ಅಡಕಿತ್ತಾ. ಪೇಪರಿನ ಮರಾಠಿ ಆರು ತಿಂಗಳಲ್ಲಿ ಬರುತ್ತೆ. ಆದರೆ ನಿನ್ನ ಕೆಲಸಕ್ಕೆ ಅಜ್ಜಿಯರ ಮರಾಠಿ ಬೇಕು. ಅದಕ್ಕೆ ಜೇಜುರಿಯ ಮೆಟ್ಟಿಲ ಮೇಲೆ ಕೂರಬೇಕು, ಸುಮ್ನೆ ಕೇಳಬೇಕು. ಇಲ್ಲಿನ ಹುಡುಗರಿಗೆ ಮರಾಠಿ ಮೊದಲೇ ಗೊತ್ತು, ಕನ್ನಡ ಕಲಿಯೋದು ಅವರಿಗೆ ಕಷ್ಟ. ನಿನ್ನ ಹತ್ತಿರ ಆ ಅರ್ಧ ಆಗಲೇ ಇದೆ ಅಲ್ವಾ?

ಪರಕೀಯ ಅನ್ನಿಸುತ್ತಾ ಅಂತ ಕೇಳಿದೆ. ಅನ್ನಿಸುತ್ತೆ. ಮೊದಲ ದೀಪಾವಳಿಗೆ ರಜೆ ಸಿಗದೆ ಇಲ್ಲೇ ಉಳಿದರೆ ಜಾಸ್ತಿ ಅನ್ನಿಸುತ್ತೆ. ಆ ದಿನ ನಮ್ಮ ಮನೆಗೆ ಬಂದುಬಿಡು.

ಢೇರೆಯವರು 2016ರ ಜುಲೈ 1ರಂದು ಇಲ್ಲೇ ಪುಣೆಯಲ್ಲಿ ತೀರಿಕೊಂಡರು. ಆಷಾಢ ಏಕಾದಶಿಗೆ ಹದಿನಾಲ್ಕು ದಿನ ಇತ್ತು. ಪೇಪರಿನಲ್ಲಿ ಓದಿ ಆ ಕ್ಯಾಂಟೀನಿನ ಗೆಳೆಯನಿಗೆ ಫೋನ್ ಮಾಡಿದೆ. ಅವನು ವಾರಿಯ ದಾರಿಯಲ್ಲಿದ್ದ, ತಾಳದ ಸದ್ದಿನಲ್ಲಿ ನನ್ನ ಮಾತು ಅವನಿಗೆ ಕೇಳಿಸಲೇ ಇಲ್ಲ.

ಬರುವಾಗ ಜೋಳದ ಹಿಟ್ಟು ಹೊತ್ತು ತರಬೇಡ, ಇಲ್ಲಿ ಸಿಗುತ್ತೆ. ದೇವರಗುಡ್ಡದ ಭಂಡಾರ ಒಂದು ಪೊಟ್ಟಣ ತಾ. ಅವ್ವ ಕೊಟ್ಟಿದ್ದ ಡಬ್ಬಿ ಖಾಲಿಯಾಗಿ ಬಹಳ ದಿನವಾಯಿತು.