ಮಗ ಮಂಗನ ಮರಿ ಬೇಕಂತಾನೆ, ತರಬಹುದಾ?

ಪ್ರಶ್ನೆ: ನಮ್ಮದು ಬಾಗಲಕೋಟೆಯ ನವನಗರ. ಮಗನಿಗೆ 9 ವರ್ಷ. ಅಂಗೈಯಲ್ಲಿ ಕೂರುವ ಮಾರ್ಮೊಸೆಟ್ ಮಂಗವನ್ನು ಮೊಬೈಲ್‌ನಲ್ಲಿ ನೋಡಿ ಹಟ ಹಿಡಿದಿದ್ದಾನೆ. ಅದರ ಬೆಲೆ ಕೇಳಿ ಸುಮ್ಮನಾದೆವು. ಈಗ ಬಾದಾಮಿ ಕಡೆಯ ಪರಿಚಯದವರೊಬ್ಬರು, "ಊರ ಮಂಗನ ಮರಿ ಹಿಡಿದು ಕೊಡ್ತೀನ್ರಿ, ಸಣ್ಣದಿದ್ದಾಗಿಂದ ಸಾಕಿದ್ರ ಹೊಂದ್ಕೊಂತೈತಿ" ಎನ್ನುತ್ತಿದ್ದಾರೆ. ಸಾಕಬಹುದಾ?

ಪಶುವೈದ್ಯರ ಉತ್ತರ: ಬೇಡ ಅಕ್ಕಾವ್ರೇ. ಎರಡೂ ಬೇಡ.

ಬಾದಾಮಿಯ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ನೋಡಿ. ಮರಿ ತಾಯಿಯ ಹೊಟ್ಟೆಗೆ ಅವುಚಿಕೊಂಡಿರುತ್ತದೆ. ತಾಯಿ ಬಂಡೆಯಿಂದ ಬಂಡೆಗೆ ಹಾರಿದರೂ ಆ ಹಿಡಿತ ಸಡಿಲವಾಗುವುದಿಲ್ಲ. ಅಂಥ ಮರಿ ಮನುಷ್ಯರ ಕೈಗೆ ಹೇಗೆ ಸಿಗುತ್ತದೆ, ಯೋಚನೆ ಮಾಡಿ. ತಾಯಿ ಸತ್ತಿರಬೇಕು, ಇಲ್ಲವೇ ಬಲೆಗೆ ಬಿದ್ದಿರಬೇಕು.

ಹೊಂದಿಕೊಳ್ಳುತ್ತದೆ ಅನ್ನುವ ಮಾತು ಒಂದೆರಡು ವರ್ಷಕ್ಕೆ ಮಾತ್ರ ನಿಜ. ಆಗ ಅದು ಮಡಿಲ ಕೂಸು. ನಾಲ್ಕೈದು ವರ್ಷಕ್ಕೆ ಪ್ರಾಯಕ್ಕೆ ಬರುತ್ತದೆ. ಗುಂಪಿನಲ್ಲಿ ಯಾರು ಮೇಲು, ಯಾರು ಕೆಳಗೆ ಅನ್ನೋದನ್ನು ಮಂಗಗಳು ಬೆದರಿಸಿ, ಕಚ್ಚಿ ತೀರ್ಮಾನ ಮಾಡಿಕೊಳ್ಳುತ್ತವೆ. ನಿಮ್ಮ ಮನೆಯಲ್ಲಿ ನೀವೇ ಅದರ ಗುಂಪು. ಮೊದಲು ಎದುರಾಗುವುದು ಮನೆಯಲ್ಲೇ ಚಿಕ್ಕವನಾದ ನಿಮ್ಮ ಮಗನಿಗೆ. ಸಾಕಿದ ಮಂಗ 30 ವರ್ಷದವರೆಗೂ ಬದುಕಬಹುದು. ಅಷ್ಟರಲ್ಲಿ ನಿಮ್ಮ ಹುಡುಗನಿಗೆ 39 ಆಗಿರುತ್ತದೆ.

ಹಿಂದೊಮ್ಮೆ ಒಬ್ಬರು ಆರು ವರ್ಷದ ಗಂಡು ಮಂಗವನ್ನು ನನ್ನ ಹತ್ತಿರ ತಂದಿದ್ದರು. ತುಂಬಾ ಪ್ರೀತಿಯಿಂದ ಸಾಕಿದವರೇ. ಕಚ್ಚಲು ಶುರು ಮಾಡಿದ ಮೇಲೆ ಹಿತ್ತಲಲ್ಲಿ ಕಟ್ಟಿಹಾಕಿದ್ದರು. ಮರಿಯಿದ್ದಾಗ ಸೊಂಟಕ್ಕೆ ಕಟ್ಟಿದ ನೂಲಿನ ಹಗ್ಗ ಹಾಗೇ ಇತ್ತು. ಮೈ ಬೆಳೆದಂತೆ ಹಗ್ಗ ಚರ್ಮದೊಳಗೆ ಹೋಗಿ, ಮೇಲೆ ಮಾಂಸ ಮುಚ್ಚಿಕೊಂಡಿತ್ತು. ಪ್ರಜ್ಞೆ ತಪ್ಪಿಸಿ, ಬೆರಳಿನಿಂದ ತಡವಿ ತಡವಿ ಒಂದೊಂದೇ ಎಳೆ ಕತ್ತರಿಸಿ ತೆಗೆದೆ. ಎಚ್ಚರವಾದಾಗ ಅದು ನನ್ನ ಮೇಲೆ ಏರಿ ಬರಲಿಲ್ಲ. ತನ್ನ ತೋಳನ್ನೇ ಕಚ್ಚಿಕೊಂಡಿತು. ಒಂಟಿಯಾಗಿ ಬೆಳೆದ ಮಂಗಗಳು ಹೀಗೆ ಮಾಡುತ್ತವೆ. ಆ ಸದ್ದು ನನಗೆ ಇನ್ನೂ ಮರೆತಿಲ್ಲ.

ಕಾನೂನಿನ ಮಾತು. ಬೈತಲೆ ತೆಗೆದಂತೆ ಕೂದಲಿರುವ ನಮ್ಮ ಕಡೆಯ ಬಾನೆಟ್ ಮಂಗ, ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ಮೊದಲನೇ ಪಟ್ಟಿಯಲ್ಲಿದೆ. ಹಿಡಿದರೆ 3ರಿಂದ 7 ವರ್ಷ ಜೈಲು, ಜೊತೆಗೆ ದಂಡ. ಇನ್ನು ಕಚ್ಚಿದರೆ ರೇಬೀಸ್ ಭಯ ಇದ್ದೇ ಇದೆ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಮಾರ್ಮೊಸೆಟ್ ಬ್ರೆಜಿಲ್‌ನ ಈಶಾನ್ಯ ಭಾಗದ ಜೀವಿ. ತೂಕ 300–400 ಗ್ರಾಂ ಅಷ್ಟೇ. ಅಲ್ಲಿ ಮರದ ತೊಗಟೆ ಕೆರೆದು ಅಂಟು ನೆಕ್ಕುತ್ತದೆ, ಹುಳು ಹಿಡಿದು ತಿನ್ನುತ್ತದೆ. ಸಾಮಾನ್ಯವಾಗಿ ಅವಳಿ ಮರಿ ಹಾಕುತ್ತದೆ. ಅವನ್ನು ಅಪ್ಪನೂ ಬೆನ್ನ ಮೇಲೆ ಹೊತ್ತು ತಿರುಗುತ್ತಾನೆ. ಇಲ್ಲಿ ಬಾಳೆಹಣ್ಣು, ಬಿಸ್ಕತ್ತು ಕೊಟ್ಟು ಕೋಣೆಯಲ್ಲಿಟ್ಟರೆ ವಿಟಮಿನ್ ಡಿ3 ಸಾಲದೆ ಮೂಳೆ ಮೆತ್ತಗಾಗಿ ಬಾಗುತ್ತವೆ. ನಮ್ಮ ತುಟಿಯ ಮೇಲೆ ಏಳುವ ಜ್ವರದ ಗುಳ್ಳೆ ಇದೆಯಲ್ಲ, ಅದರ ವೈರಸ್ ತಗುಲಿದರೆ ಅದು ಸತ್ತೇ ಹೋಗಬಹುದು. ಒಂದು ಮುತ್ತು ಸಾಕು. ಇಂಥ ವಿದೇಶಿ ಪ್ರಾಣಿಗಳನ್ನು ಸರ್ಕಾರದಲ್ಲಿ ನೋಂದಾಯಿಸಬೇಕು ಎಂದು 2024ರಲ್ಲಿ ನಿಯಮ ಬಂದಿದೆ. ಆದರೆ ಕಾಗದ ಸರಿಯಿದ್ದ ಮಾತ್ರಕ್ಕೆ ಅದಕ್ಕೆ ಮನೆಮಂದಿ ಸಿಗುವುದಿಲ್ಲ ಅಲ್ವಾ?

ಮಗನನ್ನು ಬೈಯಬೇಡಿ. ಪ್ರಾಣಿ ಕಂಡರೆ ಪ್ರೀತಿ ಹುಟ್ಟೋದು ಒಳ್ಳೆಯದೇ. ಒಂದು ಭಾನುವಾರ ಬೆಳಿಗ್ಗೆ ಬಾದಾಮಿಗೆ ಕರೆದುಕೊಂಡು ಹೋಗಿ, ದೂರದಲ್ಲಿ ಕೂರಿಸಿ. ಕೈಯಲ್ಲಿ ಶೇಂಗಾ, ಬಾಳೆಹಣ್ಣು ಏನೂ ಬೇಡ. ಯಾವ ಮರಿ ಯಾರದು, ಯಾರು ಯಾರ ಹೇನು ತೆಗೆಯುತ್ತಾರೆ ಅಂತ ಅವನೇ ಕಂಡುಹಿಡಿಯಲಿ.

ಅದಕ್ಕಿಂತ ಮೊದಲು, ಆ ಪರಿಚಯದವರಿಗೆ ಇವತ್ತೇ ಫೋನ್ ಮಾಡಿ ಬೇಡ ಎನ್ನಿ. ಈಗಾಗಲೇ ಮರಿ ಹಿಡಿದಿದ್ದರೆ ತಡ ಮಾಡದೆ ಅರಣ್ಯ ಇಲಾಖೆಗೆ ಒಪ್ಪಿಸಲು ಹೇಳಿ, ಎಲ್ಲಿ ಹಿಡಿದಿದ್ದು ಅನ್ನೋದನ್ನೂ ತಿಳಿಸಲಿ. ತಾಯಿ ಬದುಕಿದ್ದು, ಗುಂಪು ಅಲ್ಲೇ ಸುತ್ತಮುತ್ತ ಇದ್ದರೆ ಒಂದೆರಡು ದಿನದೊಳಗೆ ಅವಳು ಮರಿಯನ್ನು ಮತ್ತೆ ಎತ್ತಿಕೊಳ್ಳುವ ಸಾಧ್ಯತೆ ಇದೆ.